ಉಣ್ಣೆಯ ಮೂಟೆಯಿಂದ ಸೂಜಿಯ ಮೊನೆಗೆ

1905ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಎದುರು ಒಂದು ಮೇಲ್ಮನವಿ ವಿಚಾರಣೆಗೆ ಬಂತು. ಮೇಲ್ನೋಟಕ್ಕೆ ಅದು ನಿಘಂಟಿನ ತಕರಾರಿನಂತಿತ್ತು: ‘ಅಪಘಾತ’ ಎಂದರೇನು? ಬ್ರಿಂಟನ್ಸ್ ಎಂಬ ಜಮಖಾನೆ ಕಾರ್ಖಾನೆಯಲ್ಲಿ ಉಣ್ಣೆ ವಿಂಗಡಿಸುತ್ತಿದ್ದ ಕೆಲಸಗಾರನೊಬ್ಬ ಅಂಥ್ರಾಕ್ಸ್ ತಗುಲಿ ಸತ್ತಿದ್ದ. ಉಣ್ಣೆಯಲ್ಲಿದ್ದ ರೋಗಾಣು ಅವನ ಕಣ್ಣಿನ ಮೂಲಕ ದೇಹ ಸೇರಿತ್ತು. ಕೆಲಸದ ಅಪಘಾತದಲ್ಲಿ ಗಾಯಗೊಂಡವರಿಗೂ ಸತ್ತವರ ಅವಲಂಬಿತರಿಗೂ ಮಾಲೀಕ ಪರಿಹಾರ ಕೊಡಬೇಕು ಎಂಬ ಕಾನೂನು 1897ರಲ್ಲೇ ಬಂದಿತ್ತು. ಸತ್ತವನ ಕಡೆಯವರು ಅದರಡಿಯಲ್ಲಿ ಪರಿಹಾರ ಕೇಳಿದರು. ಇದು ಕಾಯಿಲೆ, ಅಪಘಾತವಲ್ಲ, ಆದ್ದರಿಂದ ಕೊಡಬೇಕಾದ್ದಿಲ್ಲ ಎಂದು ಕಂಪನಿ ವಾದಿಸಿತು.

ಅವನ ಕೈ ಯಂತ್ರದ ಹಲ್ಲಿಗೆ ಸಿಕ್ಕಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ರಕ್ತ ನೆಲಕ್ಕೆ ಚೆಲ್ಲಿದರೆ ಅದನ್ನು ಹತ್ತು ಜನ ನೋಡುತ್ತಾರೆ, ಗಂಟೆ ನಿಮಿಷ ಗೊತ್ತಿರುತ್ತದೆ. ರೋಗಾಣು ಒಳಗೆ ಹೋದದ್ದನ್ನು ಯಾರೂ ಕಾಣರು. ಲಾರ್ಡ್ಸ್ ಬಹುಮತದಿಂದ ಕೆಲಸಗಾರನ ಕಡೆಯವರ ಪರವಾಗಿ ತೀರ್ಪು ಕೊಟ್ಟರು. ಒಂದು ನಿರ್ದಿಷ್ಟ ಹೊತ್ತಿನಲ್ಲಿ, ಕೆಲಸ ಮಾಡುತ್ತಿದ್ದಾಗ, ಹೊರಗಿನಿಂದ ಬಂದ ರೋಗಾಣು ಕಣ್ಣಿಗೆ ಬಿದ್ದದ್ದೂ ಅಪಘಾತವೇ ಎಂದು ಒಪ್ಪಿದರು. ಮರುವರ್ಷ, 1906ರಲ್ಲಿ, ಬ್ರಿಟಿಷ್ ಸಂಸತ್ತು ಪರಿಹಾರ ಕಾಯ್ದೆಯನ್ನು ತಿದ್ದಿ ಆರು ಕಾಯಿಲೆಗಳನ್ನು ಕೈಗಾರಿಕಾ ರೋಗಗಳೆಂದು ಪಟ್ಟಿ ಮಾಡಿತು. ಅದರಲ್ಲಿ ಅಂಥ್ರಾಕ್ಸ್ ಕೂಡ ಇತ್ತು.

ಸೋಂಕು ರೋಗಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸೂಕ್ಷ್ಮದರ್ಶಕದ ಮುಂದೆ ಕೂತವರ ಚರಿತ್ರೆಯಾಗಿ ಓದುತ್ತೇವೆ. ಪಾಶ್ಚರ್, ಕೋಖ್, ಲಸಿಕೆ, ಗೆಲುವು. ಆದರೆ ರೋಗಾಣು ಪತ್ತೆಯಾದ ದಿನಕ್ಕೂ, ಅದರ ಎದುರು ದಿನವೂ ಕೈಯೊಡ್ಡುವ ಕೆಲಸಗಾರನಿಗೆ ರಕ್ಷಣೆ ಸಿಕ್ಕ ದಿನಕ್ಕೂ ನಡುವೆ ಹಲವು ದಶಕಗಳೇ ಹೋಗಿವೆ. ಆ ಅಂತರದಲ್ಲಿ ಏನಾಯಿತು ಎಂಬುದು ಈ ಬರಹದ ವಿಷಯ. ಉಣ್ಣೆಯ ಮೂಟೆ ಮತ್ತು ಇಂಜೆಕ್ಷನ್ ಸೂಜಿ ಎಂಬ ಎರಡು ವಸ್ತುಗಳನ್ನು ಹಿಡಿದು ಅದನ್ನು ನೋಡಬಹುದು.

*

ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಹತ್ತೊಂಬತ್ತನೆಯ ಶತಮಾನದಲ್ಲಿ ಉಣ್ಣೆಯ ರಾಜಧಾನಿ. 1830ರ ದಶಕದಿಂದ ಅಲ್ಲಿನ ಗಿರಣಿಗಳಿಗೆ ದೂರದೇಶದ ಕೂದಲು ಬರತೊಡಗಿತು: ಪೆರುವಿನಿಂದ ಅಲ್ಪಾಕಾ, ತುರ್ಕಿಯ ಕಡೆಯಿಂದ ಮೊಹೇರ್ ಎಂಬ ಆಡಿನ ಕೂದಲು. ಮೂಟೆ ಬಿಚ್ಚಿ, ಎಳೆಯ ಉದ್ದ, ನಯ, ಬಣ್ಣ ನೋಡಿ ಬೇರೆ ಬೇರೆ ಮಾಡುವುದು ವಿಂಗಡಿಸುವವರ ಕೆಲಸ. ಅದು ನುರಿತ ಕೈಗಳ ಕೆಲಸ, ಗಿರಣಿಯ ಇತರ ಕೂಲಿಗಿಂತ ಮರ್ಯಾದೆಯದು. ಆದರೆ ಮೂಟೆ ಬಿಚ್ಚಿದಾಗ ದೂಳು ಏಳುತ್ತಿತ್ತು. ಬೆಳಿಗ್ಗೆ ಸ್ವಲ್ಪ ಮೈ ಹುಷಾರಿಲ್ಲ ಎಂದು ಮನೆಗೆ ಹೋದವನು ಎರಡು ಮೂರು ದಿನದಲ್ಲಿ ಉಸಿರುಗಟ್ಟಿ ಸಾಯುವುದು ಊರಿನವರಿಗೆ ಗೊತ್ತಿದ್ದ ಸಂಗತಿ. ಅದಕ್ಕೆ ಅವರು ಇಟ್ಟ ಹೆಸರು ‘ಉಣ್ಣೆ ವಿಂಗಡಿಸುವವರ ರೋಗ’. ಯಾವ ಮೂಟೆ ಅಪಾಯದ್ದು ಎಂಬುದನ್ನೂ ಅವರು ಅನುಭವದಿಂದ ಬಲ್ಲವರಾಗಿದ್ದರು. ತುರ್ಕಿಯ ವಾನ್ ಸರೋವರದ ಕಡೆಯ ಮೊಹೇರ್ ಎಂದರೆ ಅಂಜುತ್ತಿದ್ದರು. ವೈದ್ಯರು ಮಾತ್ರ ಮರಣಪತ್ರದಲ್ಲಿ ನ್ಯುಮೋನಿಯಾ ಎಂದೋ ರಕ್ತ ನಂಜೆಂದೋ ಬರೆದು ಮುಗಿಸುತ್ತಿದ್ದರು.

ಜಾನ್ ಹೆನ್ರಿ ಬೆಲ್ ಎಂಬ ಬ್ರಾಡ್‌ಫರ್ಡಿನ ವೈದ್ಯ ಇದನ್ನು ಒಪ್ಪಲಿಲ್ಲ. 1876ರಲ್ಲಿ ರಾಬರ್ಟ್ ಕೋಖ್ ಅಂಥ್ರಾಕ್ಸ್ ರೋಗಾಣುವಿನ ಜೀವನಚಕ್ರವನ್ನು ತೋರಿಸಿಕೊಟ್ಟಿದ್ದ. ನಮ್ಮಲ್ಲಿ ನೆರಡಿ ರೋಗ ಎನ್ನುವುದು ಇದನ್ನೇ. ದನ, ಕುರಿ, ಆಡುಗಳನ್ನು ಕೊಲ್ಲುವ ಈ ರೋಗದ ಅಣು ಪ್ರತಿಕೂಲ ಸ್ಥಿತಿಯಲ್ಲಿ ಬೀಜಕವಾಗಿ ಗಟ್ಟಿಯಾಗುತ್ತದೆ. ಒಣಗಿದರೂ ಸಾಯದೆ ಮಣ್ಣಿನಲ್ಲಿ, ಚರ್ಮದಲ್ಲಿ, ಕೂದಲಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. 1879-80ರ ಹೊತ್ತಿಗೆ ಬೆಲ್, ಸತ್ತ ವಿಂಗಡಣೆಗಾರರ ರಕ್ತವನ್ನು ಪ್ರಾಣಿಗಳಿಗೆ ಚುಚ್ಚಿ, ಇದು ಅಂಥ್ರಾಕ್ಸೇ ಎಂದು ತೋರಿಸಿದ. ಅಂದರೆ ಎಲ್ಲೋ ಒಂದು ಬೆಟ್ಟದಲ್ಲಿ ರೋಗ ಬಂದು ಸತ್ತ ಆಡಿನ ಕೂದಲು, ಹಡಗು ಹತ್ತಿ ಸಮುದ್ರ ದಾಟಿ, ಬ್ರಾಡ್‌ಫರ್ಡಿನ ಮನುಷ್ಯನನ್ನು ಕೊಲ್ಲುತ್ತಿತ್ತು.

ಕಾರಣ ಗೊತ್ತಾಯಿತು. ಹಾಗಾದರೆ ಸಾವು ನಿಂತಿತೇ? ಇಲ್ಲ. 1880ರ ದಶಕದಲ್ಲಿ ಬ್ರಾಡ್‌ಫರ್ಡಿಗೆ ನಿಯಮಗಳು ಬಂದವು. ಅಪಾಯದ ಮೂಟೆಗಳನ್ನು ಬಿಚ್ಚುವ ಮೊದಲು ನೆನೆಸಬೇಕು, ದೂಳನ್ನು ಕೆಳಕ್ಕೆ ಎಳೆಯುವ ಪಂಖ ಇರಬೇಕು, ವಿಂಗಡಿಸುವ ಕೋಣೆಯಲ್ಲಿ ಊಟ ಮಾಡಬಾರದು. ಒಳ್ಳೆಯ ನಿಯಮಗಳೇ. ಆದರೆ ಮೊದಲಿಗೆ ಅವಕ್ಕೆ ಕಾನೂನಿನ ಬಲವಿರಲಿಲ್ಲ, ಮಾಲೀಕರು ತಾವಾಗಿ ಒಪ್ಪಿದರೆ ಉಂಟು. ಕಾನೂನಿನ ಬಲ ಬಂದ ಮೇಲೂ ಬಹುಪಾಲು ಹೊಣೆ ಕೆಲಸಗಾರನ ಎಚ್ಚರದ ಮೇಲೇ ಬೀಳುತ್ತಿತ್ತು. ಸತ್ತ ಪ್ರಾಣಿಯ ಕೂದಲು ಕಂಡರೆ ಬೇರೆ ತೆಗೆದಿಡು, ಕೈಗೆ ಗಾಯವಿದ್ದರೆ ಮುಟ್ಟಬೇಡ. ತುಂಡು ಲೆಕ್ಕದಲ್ಲಿ ಕೂಲಿ ಎಣಿಸುವ ಕಡೆ ಎಚ್ಚರವೆಂದರೆ ನಿಧಾನ, ನಿಧಾನವೆಂದರೆ ಖೋತಾ.

1905ರಲ್ಲಿ ಅಂಥ್ರಾಕ್ಸ್ ತನಿಖಾ ಮಂಡಳಿಯ ಜೀವಾಣುತಜ್ಞನಾಗಿ ಫ್ರೆಡರಿಕ್ ಯೂರಿಕ್ ಕೆಲಸ ಶುರು ಮಾಡಿದ. ಜರ್ಮನಿಯಲ್ಲಿ ಹುಟ್ಟಿ ಬ್ರಾಡ್‌ಫರ್ಡಿನಲ್ಲಿ ಬೆಳೆದ ವೈದ್ಯ ಈತ. ಸಾವಿರಾರು ಉಣ್ಣೆಯ ಮಾದರಿಗಳನ್ನು ತನ್ನ ಕೈಯಾರೆ ಪರೀಕ್ಷಿಸಿದ. ಯಾವ ಕೈಗಳನ್ನು ಉಳಿಸಬೇಕಿತ್ತೋ ಅದೇ ಅಪಾಯಕ್ಕೆ ತನ್ನ ಕೈಯನ್ನೂ ಒಡ್ಡಿ ಮಾಡಿದ ಕೆಲಸ ಇದು. ಅವನು ಕಂಡುಕೊಂಡದ್ದು: ದೂಳಿಗಿಂತ ಹೆಚ್ಚಾಗಿ, ರಕ್ತ ಅಂಟಿದ ಉಣ್ಣೆಯಲ್ಲೇ ಬೀಜಕಗಳು ಅಡಗಿವೆ. ರಕ್ತ ಒಣಗಿ ಹೆಪ್ಪುಗಟ್ಟಿದಾಗ ಅದು ಬೀಜಕಕ್ಕೆ ಕವಚವಾಗುತ್ತದೆ. ಬರೀ ಔಷಧಿ ಸಿಂಪಡಿಸಿದರೆ ಅದು ಒಳಗಿನ ಬೀಜಕವನ್ನು ಮುಟ್ಟುವುದಿಲ್ಲ. ಮೊದಲು ಕವಚ ಕರಗಬೇಕು. ಯೂರಿಕ್ ಮತ್ತು ಕಾರ್ಖಾನೆ ತನಿಖಾಧಿಕಾರಿ ಎಲ್ಮ್‌ಹರ್ಸ್ಟ್ ಡಕರಿಂಗ್ ಸೇರಿ ವಿಧಾನವೊಂದನ್ನು ರೂಪಿಸಿದರು. ಬೆಚ್ಚಗಿನ ಸಾಬೂನು ಮತ್ತು ಕ್ಷಾರದ ನೀರಿನಲ್ಲಿ ತೊಳೆದು, ರೋಲರಿನಲ್ಲಿ ಹಿಂಡಿ, ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿ, ಒಣಗಿಸುವುದು.

1919ರಲ್ಲಿ ಬ್ರಿಟನ್ ಅಂಥ್ರಾಕ್ಸ್ ತಡೆ ಕಾಯ್ದೆ ಮಾಡಿತು. 1921ರಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಸರ್ಕಾರಿ ಉಣ್ಣೆ ಶುದ್ಧೀಕರಣ ಕೇಂದ್ರ ತೆರೆಯಿತು. ಅಪಾಯದ ಪಟ್ಟಿಯಲ್ಲಿದ್ದ ಉಣ್ಣೆ, ಕೂದಲು ಆ ತೊಟ್ಟಿಗಳನ್ನು ದಾಟದೆ ಗಿರಣಿಗೆ ಹೋಗುವಂತಿರಲಿಲ್ಲ. ನಲವತ್ತು ವರ್ಷ ಕೆಲಸಗಾರನಿಗೆ ‘ನೋಡಿ ಮುಟ್ಟು’ ಎಂದು ಹೇಳುತ್ತ ಬಂದಿದ್ದರು. ಈಗ ಅವನ ಕೈಗೆ ಬರುವ ಮೊದಲೇ ಅಪಾಯವನ್ನು ಬಂದರಿನಲ್ಲಿ ತಡೆದರು. ಖರ್ಚು, ಯಂತ್ರ, ಹೊಣೆ ಎಲ್ಲವೂ ಅವನ ಬೆರಳಿನಿಂದ ದೂರ ಸರಿದವು.

*

ಆ ಬಂದರಿನ ಕಥೆಗೆ ನಮ್ಮ ಕಡೆಯದೂ ಒಂದು ಎಳೆಯಿದೆ. ಲಿವರ್‌ಪೂಲಿನಲ್ಲಿ ಕಡ್ಡಾಯವಾಗಿ ತೊಳೆಯಬೇಕಾದ ಸರಕಿನ ಪಟ್ಟಿಯಲ್ಲಿ ಭಾರತದಿಂದ ಹೋಗುತ್ತಿದ್ದ ಆಡಿನ ಕೂದಲೂ ಇತ್ತು. ಅಂದರೆ ಇಲ್ಲಿನ ಕೂದಲಿನಲ್ಲಿ ರೋಗವಿದೆ ಎಂದು ಅಲ್ಲಿ ಗೊತ್ತಿತ್ತು. ಆದರೆ ತೊಟ್ಟಿ ಇದ್ದದ್ದು ಹಡಗಿನ ಆಚೆ ದಡದಲ್ಲಿ. ಈಚೆ ದಡದಲ್ಲಿ ಆಡಿನ ಮೈ ಬೋಳಿಸಿದವರು, ಸತ್ತ ಪ್ರಾಣಿಯ ಚರ್ಮ ಸುಲಿದವರು, ಮೂಟೆ ಕಟ್ಟಿ ಹೊತ್ತವರು ಆ ರಕ್ಷಣೆಯ ವ್ಯಾಪ್ತಿಗೆ ಬರಲಿಲ್ಲ. 1919ರ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತನ್ನ ಮೂರನೆಯ ಶಿಫಾರಸಿನಲ್ಲೇ ಅಂಥ್ರಾಕ್ಸ್ ಬೀಜಕವಿರುವ ಉಣ್ಣೆಯ ಶುದ್ಧೀಕರಣದ ಮಾತೆತ್ತಿತು. ರಫ್ತು ಮಾಡುವ ದೇಶದಲ್ಲೇ ಆಗಲಿ, ಅದು ಆಗದಿದ್ದರೆ ಆಮದು ಮಾಡಿಕೊಳ್ಳುವ ದೇಶದ ಬಂದರಿನಲ್ಲಿ ಆಗಲಿ ಎಂದಿತು. ಆ ‘ಆಗದಿದ್ದರೆ’ ಎಂಬ ಒಂದು ಪದದ ಎರಡು ಬದಿಗೆ ಎರಡು ದೇಶಗಳ ಕೆಲಸಗಾರರು ನಿಂತಿದ್ದರು.

1923ರಲ್ಲಿ ಬ್ರಿಟಿಷ್ ಭಾರತದ ಕಾರ್ಮಿಕ ಪರಿಹಾರ ಕಾಯ್ದೆ ಬಂದಾಗ ಅದರ ಮೂರನೆಯ ಅನುಸೂಚಿಯಲ್ಲಿ ಅಂಥ್ರಾಕ್ಸ್ ಸೇರಿತು. ಉಣ್ಣೆ, ಕೂದಲು, ಚರ್ಮ ಮುಟ್ಟುವ ಕೆಲಸದವರಿಗೆ ಈ ರೋಗ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಕಾನೂನು ಒಪ್ಪಿದಂತಾಯಿತು. ಕಾಗದದ ಮೇಲೆ ಇದು ದೊಡ್ಡ ಮಾತು. ಆದರೆ ಪರಿಹಾರ ಕೇಳಲು ಒಬ್ಬ ಮಾಲೀಕ ಇರಬೇಕು, ಕೆಲಸಕ್ಕೆ ದಾಖಲೆ ಇರಬೇಕು, ರೋಗಕ್ಕೆ ಹೆಸರು ಹೇಳುವ ವೈದ್ಯ ಇರಬೇಕು. ಊರಾಚೆ ಸತ್ತ ದನದ ಚರ್ಮ ಸುಲಿಯುವುದನ್ನು ಜಾತಿಯ ಕಸುಬಾಗಿ ಹೊತ್ತವರಿಗೆ ಈ ಮೂರರಲ್ಲಿ ಯಾವುದಿತ್ತು?

*

ಈಗ ಎರಡನೆಯ ವಸ್ತುವಿಗೆ, ಸೂಜಿಗೆ ಬರೋಣ. ಗಿರಣಿಯನ್ನು ಕೆಲಸದ ಜಾಗವೆಂದು ಒಪ್ಪಿದಷ್ಟು ಬೇಗ ಆಸ್ಪತ್ರೆಯನ್ನು ಯಾರೂ ಹಾಗೆ ಒಪ್ಪಲಿಲ್ಲ. ಆಸ್ಪತ್ರೆ ಸೇವೆಯ ಜಾಗ, ಅಲ್ಲಿ ಅಪಾಯ ಎಂದರೆ ತ್ಯಾಗ.

1847ರ ಮಾರ್ಚಿನಲ್ಲಿ ವಿಯೆನ್ನಾದ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ಯಾಕೊಬ್ ಕೊಲೆಚ್ಕಾ ಸತ್ತ. ಶವಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಾಗಿ ಅದು ನಂಜಾಗಿತ್ತು. ಗೆಳೆಯನ ಶವಪರೀಕ್ಷೆಯ ವರದಿ ಓದಿದ ಇಗ್ನಾಜ್ ಸೆಮ್ಮೆಲ್ವೈಸ್‌ಗೆ ಅದರಲ್ಲಿ ಬಾಣಂತಿ ನಂಜಿನಿಂದ ಸಾಯುತ್ತಿದ್ದ ತಾಯಂದಿರ ದೇಹದ ಗುರುತುಗಳೇ ಕಂಡವು. ಶವ ಮುಟ್ಟಿದ ಕೈಗಳೇ ಹೆರಿಗೆ ಕೋಣೆಗೆ ಸಾವನ್ನು ಒಯ್ಯುತ್ತಿವೆ ಎಂದು ಹೊಳೆದದ್ದು ಆಗ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಅವನು ಕಡ್ಡಾಯ ಮಾಡಿದ. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು ಎರಡಕ್ಕೆ ಇಳಿಯಿತು. ಈ ಕಥೆಯನ್ನು ನಾವೆಲ್ಲ ರೋಗಿಯನ್ನು ಉಳಿಸಿದ ಕಥೆಯಾಗಿ ಓದಿದ್ದೇವೆ, ಅದು ಸರಿಯೇ. ಆದರೆ ಕಥೆ ಶುರುವಾದದ್ದು ಕೆಲಸದಲ್ಲಿದ್ದ ಒಬ್ಬನ ಬೆರಳಿನ ಗಾಯದಿಂದ. ಆ ಬೆರಳನ್ನು ಹೇಗೆ ಕಾಪಾಡಬೇಕಿತ್ತು ಎಂಬ ಪ್ರಶ್ನೆಯನ್ನು ಯಾರೂ ಮುಂದುವರಿಸಲಿಲ್ಲ.

ಶಸ್ತ್ರಚಿಕಿತ್ಸೆಯ ಕೈಗವಸಿನ ಹುಟ್ಟೂ ಹೀಗೆಯೇ ಅಡ್ಡದಾರಿಯದು. 1889-90ರ ಚಳಿಗಾಲದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು, ಸೋಂಕು ನಿವಾರಣೆಗೆ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಸುಟ್ಟಂತಾಗುತ್ತಿದ್ದವು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರಿನ ಗ್ಲೌಸ್ ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು ಎಂಬುದನ್ನು ವೈದ್ಯಕೀಯ ಲೋಕ ಇಂದಿಗೂ ಪ್ರೀತಿಯಿಂದ ನೆನೆಯುತ್ತದೆ. ಗ್ಲೌಸ್ ತೊಟ್ಟರೆ ರೋಗಿಯ ಗಾಯ ಕೀವಾಗುವುದು ಕಡಿಮೆ ಎಂದು ಸಹೋದ್ಯೋಗಿ ಜೋಸೆಫ್ ಬ್ಲಡ್‌ಗುಡ್ ಆಮೇಲೆ ತೋರಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು. ದುಡಿಯುವ ಕೈಗೆಂದು ಹುಟ್ಟಿದ ವಸ್ತು ರೋಗಿಯ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನೆಲೆ ನಿಂತಿತು. ಕಸ ತೆಗೆಯುವ, ಬಟ್ಟೆ ಒಗೆಯುವ, ಸೂಜಿ ತೊಳೆಯುವ ಕೈಗಳು ಬಹುಕಾಲ ಬರಿಗೈಗಳಾಗಿಯೇ ಉಳಿದವು.

*

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಆಸ್ಪತ್ರೆಯ ಕೆಲಸದವರಿಗೆ ಕಾಮಾಲೆ ಬರುವುದು ಎಲ್ಲರಿಗೂ ಗೊತ್ತಿದ್ದ, ಯಾರೂ ಎಣಿಸದ ಸಂಗತಿಯಾಗಿತ್ತು. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ರಕ್ತದಲ್ಲಿ ಕಂಡ ಒಂದು ಪ್ರೋಟೀನು ಹೆಪಟೈಟಿಸ್ ಬಿ ವೈರಸ್ಸಿನದು ಎಂದು ಗೊತ್ತಾದ ಮೇಲೆ ಅದಕ್ಕೆ ಪರೀಕ್ಷೆ ಸಾಧ್ಯವಾಯಿತು. 1969-70ರಲ್ಲಿ ಎಡಿನ್‌ಬರೊದ ಡಯಾಲಿಸಿಸ್ ಘಟಕದಲ್ಲಿ ಈ ರೋಗ ಹರಡಿದಾಗ ರೋಗಿಗಳ ಜೊತೆ ಆಸ್ಪತ್ರೆಯ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಈ ವೈರಸ್ಸು ಮಹಾ ಗಟ್ಟಿಗ. ರೋಗಿಯ ರಕ್ತವಿರುವ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಹೆಪಟೈಟಿಸ್ ಸಿ ಆದರೆ ಸುಮಾರು 1.8, ಎಚ್‌ಐವಿ ಆದರೆ ಸುಮಾರು 0.3.

1980ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆರೋಗ್ಯ ಕೆಲಸಗಾರರಿಗೆ ಹೆಪಟೈಟಿಸ್ ಬಿ ತಗಲುತ್ತಿತ್ತು ಎಂಬ ಅಂದಾಜಿದೆ. ಲಸಿಕೆಗೆ 1981ರಲ್ಲೇ ಅನುಮತಿ ಸಿಕ್ಕಿತ್ತು. ಆದರೆ ಅದು ದುಬಾರಿ. ವೈದ್ಯರು ಹಾಕಿಸಿಕೊಳ್ಳಬಲ್ಲರು, ನೆಲ ಒರೆಸುವವರಿಗೆ ಯಾರು ಹಾಕಿಸಬೇಕು ಎಂಬುದಕ್ಕೆ ಉತ್ತರವಿರಲಿಲ್ಲ. ಬ್ರಾಡ್‌ಫರ್ಡಿನಂತೆಯೇ ಇಲ್ಲಿಯೂ ಔಷಧಿ ಬಂದಿತ್ತು, ಹೊಣೆ ನಿಗದಿಯಾಗಿರಲಿಲ್ಲ.

ಅದನ್ನು ಅಲುಗಿಸಿದ್ದು ಏಡ್ಸ್ ಭಯ. 1984ರ ಕೊನೆಗೆ, ಸೂಜಿ ಚುಚ್ಚಿ ಆರೋಗ್ಯ ಕೆಲಸಗಾರರೊಬ್ಬರಿಗೆ ಎಚ್‌ಐವಿ ತಗುಲಿದ ವರದಿ ಬ್ರಿಟನ್ನಿನಿಂದ ಬಂತು. 1986ರಲ್ಲಿ ಅಮೆರಿಕದ ಆಸ್ಪತ್ರೆ ನೌಕರರ ಸಂಘಟನೆಗಳು ಕಾರ್ಮಿಕ ಸುರಕ್ಷತೆಯ ಸಂಸ್ಥೆಯಾದ ಓಶಾಗೆ ಅರ್ಜಿ ಕೊಟ್ಟವು. ನಮಗೆ ಸಲಹೆ ಸಾಕು, ಕಾನೂನು ಬೇಕು ಎಂಬುದು ಅವುಗಳ ಬೇಡಿಕೆಯ ಸಾರ. 1987ರಲ್ಲಿ ಸಾರ್ವತ್ರಿಕ ಮುನ್ನೆಚ್ಚರಿಕೆಯ ತತ್ವ ಬಂತು: ಯಾರ ರಕ್ತದಲ್ಲಿ ಏನಿದೆ ಎಂದು ಮುಖ ನೋಡಿ ಹೇಳಲಾಗದು, ಆದ್ದರಿಂದ ಎಲ್ಲರ ರಕ್ತವನ್ನೂ ಸೋಂಕಿನದೆಂದೇ ಭಾವಿಸಿ ಕೆಲಸ ಮಾಡಿ. ಈ ತತ್ವಕ್ಕೆ ಇನ್ನೊಂದು ಗುಣವೂ ಇದೆ. ಎಲ್ಲರಿಗೂ ಒಂದೇ ಎಚ್ಚರ ಅಂದಮೇಲೆ ಏಡ್ಸ್ ರೋಗಿಯನ್ನು ಬೆರಳು ಮಾಡಿ ತೋರಿಸಬೇಕಾದ್ದಿಲ್ಲ, ಹಾಸಿಗೆಯ ತಲೆಗೆ ಫಲಕ ತೂಗಬೇಕಾದ್ದಿಲ್ಲ.

ಅರ್ಜಿ ಕೊಟ್ಟು ಐದು ವರ್ಷವಾದ ಮೇಲೆ, 1991ರ ಡಿಸೆಂಬರ್ 6ರಂದು, ರಕ್ತದ ಮೂಲಕ ಹರಡುವ ರೋಗಾಣುಗಳ ಕುರಿತ ನಿಯಮವನ್ನು ಓಶಾ ಪ್ರಕಟಿಸಿತು. ಅದರ ವಾಕ್ಯಗಳ ಕರ್ತೃಪದವನ್ನು ಗಮನಿಸಬೇಕು. ಬಹುತೇಕ ಎಲ್ಲವೂ ‘ಮಾಲೀಕನು’ ಎಂದು ಶುರುವಾಗುತ್ತವೆ. ಮಾಲೀಕನು ಅಪಾಯ ತಡೆಯ ಯೋಜನೆಯನ್ನು ಬರೆದಿಡಬೇಕು. ಗ್ಲೌಸು, ಗೌನು, ಮುಖಗವಸನ್ನು ತನ್ನ ಖರ್ಚಿನಲ್ಲಿ ಕೊಡಬೇಕು. ಕೆಲಸಕ್ಕೆ ಹಚ್ಚಿದ ಹತ್ತು ದುಡಿಮೆಯ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಉಚಿತವಾಗಿ ಒದಗಿಸಬೇಕು. ಸೂಜಿಗಳಿಗೆ ಚುಚ್ಚಿ ಹೊರಬಾರದ ಗಟ್ಟಿ ಡಬ್ಬಿ ಇಡಬೇಕು. ರಕ್ತ ಮುಟ್ಟಬೇಕಾಗಿ ಬರುವ ಯಾವ ಕೆಲಸದವರಿಗೂ ಇದು ಅನ್ವಯ. ವೈದ್ಯರಿಗೆ ಎಷ್ಟೋ, ಬಟ್ಟೆ ಒಗೆಯುವವರಿಗೂ ಅಷ್ಟೇ. ದಂತವೈದ್ಯರ ಸಂಘ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 1993ರ ತೀರ್ಪು ನಿಯಮವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಮಾಲೀಕನ ಹತೋಟಿಯಲ್ಲಿಲ್ಲದ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವವರ ವಿಷಯದಲ್ಲಿ ಅದನ್ನು ತಡೆಯಿತು. ಮನೆ ಎಂಬ ಜಾಗ ಅಲ್ಲಿಯೂ ಕಾನೂನಿನ ಕೈಗೆ ಸಿಗಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

*

ಹಾಗಾದರೂ ಸೂಜಿ ಚುಚ್ಚುವುದು ನಿಲ್ಲಲಿಲ್ಲ. ಚುಚ್ಚಿದಾಗಲೆಲ್ಲ ಕೇಳಿಬರುತ್ತಿದ್ದ ಮಾತು ಒಂದೇ: ನೋಡಿಕೊಂಡು ಮಾಡಬಾರದಿತ್ತೆ? ಈ ಮಾತನ್ನು ಲೆಕ್ಕ ಹಾಕಿ ಪ್ರಶ್ನಿಸಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜಾಗರ್. ಅವರು ಮೊದಲು ವಾಹನ ಅಪಘಾತಗಳನ್ನು ಅಧ್ಯಯನ ಮಾಡುತ್ತಿದ್ದವರು. ಚಾಲಕನಿಗೆ ಬುದ್ಧಿ ಹೇಳುವುದಕ್ಕಿಂತ ಕಾರನ್ನು ಸುರಕ್ಷಿತವಾಗಿ ಕಟ್ಟುವುದರಿಂದ ಹೆಚ್ಚು ಜೀವ ಉಳಿಯುತ್ತದೆ ಎಂಬ ತಿಳಿವಳಿಕೆ ಆ ಕ್ಷೇತ್ರದ್ದು. ಅದೇ ಕಣ್ಣಿನಿಂದ ಅವರು ಆಸ್ಪತ್ರೆಯನ್ನು ನೋಡಿದರು.

1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಾಗರ್ ಮತ್ತು ಸಂಗಡಿಗರು ಒಂದು ಆಸ್ಪತ್ರೆಯ 326 ಸೂಜಿಗಾಯಗಳನ್ನು ಪರಿಶೀಲಿಸಿದರು. ಯಾರಿಗೆ ಚುಚ್ಚಿತು ಎಂಬುದರ ಜೊತೆಗೆ ಯಾವ ಸಾಧನ ಚುಚ್ಚಿತು ಎಂದೂ ಕೇಳಿದರು. ಆಸ್ಪತ್ರೆ ಕೊಂಡ ಪ್ರತಿ ಒಂದು ಲಕ್ಷ ಸಾಧನಗಳಿಗೆ ಲೆಕ್ಕ ಹಾಕಿದಾಗ, ಸಾಮಾನ್ಯ ಸಿರಿಂಜಿನಿಂದ 6.9 ಗಾಯಗಳಾಗಿದ್ದರೆ, ಡ್ರಿಪ್ ಕೊಳವೆಗೆ ಜೋಡಿಸುವ ಸೂಜಿಯಿಂದ 36.7. ಕೈ ಅದೇ, ಎಚ್ಚರವೂ ಅದೇ, ಸಾಧನ ಬದಲಾದರೆ ಅಪಾಯ ಐದು ಪಟ್ಟು! ಸುಮಾರು ಮೂರನೆಯ ಒಂದು ಪಾಲು ಗಾಯಗಳು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಆದವು. ಮುಚ್ಚಳ ಹಾಕಬೇಡಿ ಎಂಬ ಬೋರ್ಡು ಗೋಡೆಯ ಮೇಲಿರುತ್ತದೆ. ಆದರೆ ಕೈಯಲ್ಲಿ ಬರಿ ಸೂಜಿ ಹಿಡಿದು, ರೋಗಿಗಳ ನಡುವೆ ದಾಟಿ, ದೂರದ ಡಬ್ಬಿಯವರೆಗೆ ನಡೆಯುವುದೂ ಅಪಾಯವೇ. ಎರಡು ಅಪಾಯಗಳಲ್ಲಿ ಒಂದನ್ನು ಆಯ್ದವರನ್ನು ಅಜಾಗರೂಕರು ಎನ್ನುವುದು ಹೇಗೆ?

ಈ ಲೆಕ್ಕದ ಹಿಂದೆಯೇ ತಾನಾಗಿ ಒಳಗೆ ಸರಿಯುವ, ತಾನಾಗಿ ಕವಚ ಹೊದ್ದುಕೊಳ್ಳುವ ಸೂಜಿಗಳ ವಾದ ಬಲವಾಯಿತು. 2000ದ ನವೆಂಬರ್ 6ರಂದು ಅಮೆರಿಕದಲ್ಲಿ ಸೂಜಿಗಾಯ ತಡೆ ಕಾಯ್ದೆಗೆ ಸಹಿ ಬಿತ್ತು. ಸುರಕ್ಷಿತ ಸಾಧನ ಇದ್ದರೆ ಅದನ್ನು ಬಳಸಲೇಬೇಕು, ಪ್ರತಿ ಗಾಯವನ್ನೂ ಯಾವ ಸಾಧನದಿಂದ ಆಯಿತೆಂಬ ವಿವರದೊಂದಿಗೆ ದಾಖಲಿಸಬೇಕು. ಮೂರನೆಯ ಒಂದು ಷರತ್ತು ನನಗೆ ತುಂಬ ಮುಖ್ಯವೆನಿಸುತ್ತದೆ. ಸಾಧನ ಆಯ್ಕೆ ಮಾಡುವಾಗ ಆಡಳಿತದಲ್ಲಿಲ್ಲದ, ರೋಗಿಯ ಬಳಿ ದುಡಿಯುವ ನೌಕರರ ಅಭಿಪ್ರಾಯ ಕೇಳಲೇಬೇಕು. ವಾನ್ ಕಡೆಯ ಮೂಟೆ ಕೊಲ್ಲುತ್ತದೆ ಎಂದು ಬ್ರಾಡ್‌ಫರ್ಡಿನ ಕೆಲಸಗಾರರಿಗೆ ವೈದ್ಯರಿಗಿಂತ ಮೊದಲೇ ಗೊತ್ತಿತ್ತಲ್ಲ, ಆ ಬಗೆಯ ಅರಿವಿಗೆ ಕಾನೂನಿನಲ್ಲಿ ಜಾಗ ಸಿಕ್ಕಿತು. ಕಾಯ್ದೆ ಜಾರಿಯಾದ 2001ರಲ್ಲಿ ಅಮೆರಿಕದ ಆಸ್ಪತ್ರೆಗಳ ಸೂಜಿಗಾಯಗಳು ಸುಮಾರು ನೂರಕ್ಕೆ 38ರಷ್ಟು ಇಳಿದವು ಎಂದು ಆಮೇಲಿನ ಅಧ್ಯಯನ ಹೇಳಿತು. ಒಂದು ಕಾಲಕ್ಕೆ ಹತ್ತು ಸಾವಿರ ದಾಟಿದ್ದ ವಾರ್ಷಿಕ ಹೆಪಟೈಟಿಸ್ ಬಿ ಸೋಂಕು ಕೆಲವೇ ನೂರಕ್ಕೆ ಬಂದು ನಿಂತಿತು.

*

ಜಗತ್ತಿನ ಸುಮಾರು 3.5 ಕೋಟಿ ಆರೋಗ್ಯ ಕೆಲಸಗಾರರಲ್ಲಿ ವರ್ಷಕ್ಕೆ 30 ಲಕ್ಷ ಜನರಿಗೆ ಸೋಂಕಿನ ರಕ್ತವಿರುವ ಸೂಜಿ ಅಥವಾ ಹರಿತ ವಸ್ತು ತಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಈ ಶತಮಾನದ ಆರಂಭದಲ್ಲಿ ಅಂದಾಜಿಸಿತ್ತು. ಹೀಗೆ ತಗಲುವ ಸೋಂಕಿನಲ್ಲಿ ಬಹುಪಾಲು ಬಡ ದೇಶಗಳದು. ಲಿವರ್‌ಪೂಲಿನ ತೊಟ್ಟಿಯ ಎರಡು ದಡಗಳು ಇಲ್ಲಿಯೂ ಕಾಣುತ್ತವೆ.

ನಮ್ಮಲ್ಲಿ ಕಾಗದ ದುರ್ಬಲವೇನಲ್ಲ. 1998ರಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದವು, 2016ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವು. ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕು ಬಣ್ಣಗಳ ವಿಂಗಡಣೆಯನ್ನು ಆಸ್ಪತ್ರೆಗೆ ಹೋದ ಯಾರೂ ನೋಡಿರುತ್ತಾರೆ. ಬಿಳಿ ಡಬ್ಬಿ ಸೂಜಿಗೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದು ಆಸ್ಪತ್ರೆ ನಡೆಸುವವರ ಹೊಣೆ ಎಂದು 2016ರ ನಿಯಮ ಹೇಳುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಸೋಂಕಿಗೆ ಒಡ್ಡಿಕೊಳ್ಳುವ ಕೆಲಸದವರಿಗೆ ಮುನ್ನೆಚ್ಚರಿಕೆಯ ಸಾಮಗ್ರಿ, ತರಬೇತಿ, ಚುಚ್ಚಿದ ಮೇಲಿನ ಔಷಧಿ ಎಲ್ಲವನ್ನೂ ಸಂಸ್ಥೆಯೇ ಕೊಡಬೇಕು ಎನ್ನುತ್ತದೆ. ಲಸಿಕೆ ಈಗ ದುಬಾರಿಯೂ ಅಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಲಸಿಕೆ ತಂದ ಮೇಲೆ ಬೆಲೆ ಪಾತಾಳಕ್ಕಿಳಿಯಿತು.

ಇಷ್ಟಿದ್ದೂ ತೊಡಕು ಎಲ್ಲಿದೆ? ‘ಮಾಲೀಕನು’ ಎಂಬ ಆ ಕರ್ತೃಪದದಲ್ಲಿ. ಆಸ್ಪತ್ರೆಯ ನೆಲ ಒರೆಸುವ, ಡಬ್ಬಿ ಹೊರುವ ಕೆಲಸ ಇಂದು ಬಹುಪಾಲು ಹೊರಗುತ್ತಿಗೆಯದು. ಆಸ್ಪತ್ರೆಯನ್ನು ಕೇಳಿದರೆ ಗುತ್ತಿಗೆದಾರನತ್ತ ಕೈ ತೋರಿಸಬಹುದು, ಗುತ್ತಿಗೆದಾರ ಆಸ್ಪತ್ರೆಯತ್ತ ತೋರಿಸಬಹುದು. ಹೆಪಟೈಟಿಸ್ ಬಿ ಲಸಿಕೆಗೆ ಮೂರು ಡೋಸು, ಮೊದಲನೆಯದರಿಂದ ಮೂರನೆಯದಕ್ಕೆ ಆರು ತಿಂಗಳು. ಆರು ತಿಂಗಳಲ್ಲಿ ಗುತ್ತಿಗೆಯೇ ಬದಲಾದರೆ ಮೂರನೆಯ ಡೋಸಿನ ದಿನ ಆ ಹೆಂಗಸು ಯಾರ ನೌಕರಳು? ಮಕ್ಕಳಿಗೆ ಈ ಲಸಿಕೆ ಕೊಡುವುದು ದೇಶದಾದ್ಯಂತ ವ್ಯಾಪಿಸಿದ್ದು 2011ರ ಹೊತ್ತಿಗೆ. ಆದ್ದರಿಂದ ಇಂದು ದುಡಿಮೆಯ ವಯಸ್ಸಿನಲ್ಲಿರುವ ಬಹುಪಾಲು ಜನ ಅದನ್ನು ಬಾಲ್ಯದಲ್ಲಿ ಪಡೆದವರಲ್ಲ. ಕೆಲಸದ ಜಾಗ ಕೊಡದಿದ್ದರೆ ಅವರಿಗೆ ಬೇರೆಲ್ಲಿಯೂ ಅದು ಸಿಗಲಿಲ್ಲ ಎಂದೇ ಅರ್ಥ. ಚುಚ್ಚಿದ ಗಾಯವನ್ನು ಹೇಳಿಕೊಳ್ಳುವುದೂ ಸುಲಭವಲ್ಲ. ಹೇಳಿದರೆ ಬೈಗುಳ ಬರಬಹುದು, ನಾಳೆಯ ಕೆಲಸ ಹೋಗಬಹುದು. ಎಚ್‌ಐವಿ ತಡೆಯ ಮಾತ್ರೆಯನ್ನು ಕೆಲವೇ ಗಂಟೆಗಳಲ್ಲಿ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ಭಯದಲ್ಲಿ ಬಾಯಿ ಬಿಡದೆ ಕಳೆದ ಮೂರು ದಿನಕ್ಕೆ ಔಷಧಿಯಿಲ್ಲ.

ಇನ್ನು ಆ ಮನೆಯ ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿಕೊಳ್ಳುವವರು ಇಂದು ಪ್ರತಿ ಬೀದಿಯಲ್ಲಿದ್ದಾರೆ. ಆ ಸೂಜಿಗಳು ಎಲ್ಲಿಗೆ ಹೋಗುತ್ತವೆ? 2016ರ ಘನತ್ಯಾಜ್ಯ ನಿಯಮ ಬಳಸಿದ ಸೂಜಿ, ಸಿರಿಂಜುಗಳನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿ, ಬೇರೆ ಇಡಬೇಕೆಂದಿತ್ತು. ಆದರೆ ಬೆಳಿಗ್ಗೆ ಕಸದ ಆಟೊ ಬಂದಾಗ ಅವು ತರಕಾರಿ ಸಿಪ್ಪೆಯ ಜೊತೆಗೋ ಹಾಲಿನ ಕವರಿನ ಜೊತೆಗೋ ಹೋಗುವುದುಂಟು. ಆಟೊದ ಹಿಂದೆ ನಿಂತು ಹಸಿ ಕಸ, ಒಣ ಕಸ ಎಂದು ಕೈ ಹಾಕಿ ಬೇರೆ ಮಾಡುವ ಪೌರಕಾರ್ಮಿಕರು, ಅವರಾಚೆ ಚಿಂದಿ ಆಯುವವರು, ಎಲ್ಲರೂ ಮತ್ತೆ ವಿಂಗಡಿಸುವವರೇ. ಬ್ರಾಡ್‌ಫರ್ಡಿನ ಮೂಟೆ ಕವರಿನ ರೂಪದಲ್ಲಿ ನಮ್ಮ ಬಾಗಿಲಲ್ಲಿ ನಿಂತಿದೆ. ಈ ಮೂಟೆ ಕಟ್ಟುವವರು ನಾವು.

ನೂರು ವರ್ಷದ ಹಿಂದಿನ ತೊಟ್ಟಿ ಕಲಿಸಿದ ಪಾಠವನ್ನು ಇಲ್ಲಿಗೆ ಅನ್ವಯಿಸುವುದು ಕಷ್ಟವಲ್ಲ. ಒಂದು ಗಟ್ಟಿ ಪ್ಲಾಸ್ಟಿಕ್ ಬಾಟಲಿ, ತಿರುಗಿಸಿ ಬಿಗಿಯುವ ಮುಚ್ಚಳ, ಮೇಲೆ ‘ಸೂಜಿ ಇದೆ’ ಎಂಬ ಚೀಟಿ. ಮುಕ್ಕಾಲು ತುಂಬಿದಾಗ ಮುಚ್ಚಿ, ಬೇರೆಯಾಗಿ, ಬಾಯಿಬಿಟ್ಟು ಹೇಳಿ ಕೊಡುವುದು. ಆದರೆ ನಮ್ಮ ಒಳ್ಳೆಯತನವೊಂದನ್ನೇ ನಂಬಿದರೆ ಅದು 1880ರ ದಶಕದ ಬ್ರಾಡ್‌ಫರ್ಡಿನ ಸ್ವಯಂಪ್ರೇರಿತ ನಿಯಮವಾಗುತ್ತದೆ. ಆ ಬಾಟಲಿಗಳನ್ನು ವಾಪಸು ಪಡೆಯುವ ವ್ಯವಸ್ಥೆ ಯಾರದು, ಔಷಧಿ ಅಂಗಡಿಯದೋ, ಪಾಲಿಕೆಯದೋ, ಸೂಜಿ ಮಾರುವ ಕಂಪನಿಯದೋ ಎಂಬುದು ಬರಹಕ್ಕೆ ಇಳಿದು ಜಾರಿಯಾಗಬೇಕು.

2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೆಲಸದ ಜಾಗದ ಜೈವಿಕ ಅಪಾಯಗಳ ಕುರಿತ ಒಪ್ಪಂದವನ್ನು ಅಂಗೀಕರಿಸಿತು. ಅದರ ಸಂಖ್ಯೆ 192. ಉಣ್ಣೆಯ ಬಗೆಗಿನ 1919ರ ಶಿಫಾರಸಿನಿಂದ ಇಲ್ಲಿಗೆ ಬರಲು 106 ವರ್ಷ ಬೇಕಾಯಿತು. ಯಾವ ದೇಶ ಇದನ್ನು ಸ್ಥಿರೀಕರಿಸುತ್ತದೆ, ಯಾವುದು ಇಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಾಳೆ ಬೆಳಿಗ್ಗೆ ಆರೂವರೆಗೆ ಕಸದ ಆಟೊ ಬರುತ್ತದೆ, ಒಂದು ಕೈ ನಮ್ಮ ಮನೆಯ ಕವರಿನೊಳಗೆ ಇಳಿಯುತ್ತದೆ.